ಹಚ್ ನಾಯಿಯ ಮೂತಿ

2003ರಲ್ಲಿ ಬಂದ ಹಚ್ ಜಾಹೀರಾತನ್ನ ಮೊನ್ನೆ ಮತ್ತೆ ನೋಡಿದೆ. ಈಗಲೂ ಚೆನ್ನಾಗೇ ಇದೆ. ಒಬ್ಬ ಪುಟ್ಟ ಹುಡುಗ, ಅವನು ಹೋದಲ್ಲೆಲ್ಲ ಹಿಂದೆಯೇ ಬರೋ ಒಂದು ಪಗ್, ಹಿನ್ನೆಲೆಯಲ್ಲೊಂದು ಹಾಡು. ನೀವೆಲ್ಲಿ ಹೋದ್ರೂ ನಮ್ಮ ನೆಟ್‌ವರ್ಕ್ ಹಿಂದೆ ಇರುತ್ತೆ ಅನ್ನೋದನ್ನ ಇಷ್ಟು ಕಡಿಮೆ ಮಾತಲ್ಲಿ ಹೇಳಿದ ಜಾಹೀರಾತು ನಮ್ಮಲ್ಲಿ ಅಪರೂಪ. ಕಂಪನಿ ಹೆಸರು ಬದಲಾದ್ರೂ ಪಗ್ ಮಾತ್ರ ಎಷ್ಟೋ ಜನರ ಬಾಯಲ್ಲಿ ಇವತ್ತಿಗೂ 'ಹಚ್ ನಾಯಿ'. (ನಾಯಿನ ಓಡಿಸೋಕೆ 'ಹಚಾ' ಅನ್ನೋ ನಮಗೆ ಈ ಹೆಸರು ಒಗ್ಗಿದ್ದೇ ತಮಾಷೆ.)

ನನ್ನ ತಕರಾರು ಆ ಮುಖದ ಬಗ್ಗೆ. ಜಾಹೀರಾತು ಆ ಮುಖವನ್ನ ಸೃಷ್ಟಿಸಲಿಲ್ಲ, ಒಪ್ತೀನಿ. ಆದ್ರೆ ನಾಯಿ ಅಂದ್ರೆ ಹೀಗೆ ಮುದ್ದಾಗಿರಬೇಕು ಅನ್ನೋದನ್ನ ನಮ್ಮ ಕಣ್ಣಿಗೆ ಕಲಿಸಿದ್ದು ಅದೇ.

ಇಂಗ್ಲೆಂಡಿನ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನದೇ ಚಿತ್ರ ಬರೆದುಕೊಂಡ. ಪಕ್ಕದಲ್ಲಿ ಅವನ ಪಗ್ ಕೂತಿದೆ. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿರೋ ಆ ಚಿತ್ರ ಗೂಗಲ್‌ನಲ್ಲಿ ಸಿಗುತ್ತೆ, ಒಮ್ಮೆ ನೋಡಿ. ಆ ಪಗ್‌ಗೆ ಮೂತಿ ಇದೆ! ಸರಿಯಾಗಿ ಉಸಿರಾಡೋಕೆ ಸಾಕಾಗುವಷ್ಟು ಮೂತಿ. ಅದು ಮಾಯವಾಗಿದ್ದು ಆಮೇಲಿನ ತಲೆಮಾರುಗಳಲ್ಲಿ. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾಯ್ತು. ತಳಿ ಹೀಗಿರಬೇಕು ಅನ್ನೋ ಲಕ್ಷಣ ಕಾಗದಕ್ಕೆ ಇಳೀತು. ಪ್ರದರ್ಶನದಲ್ಲಿ ಚಪ್ಪಟೆ ಮುಖದ ನಾಯಿ ಗೆದ್ದಿತು, ಗೆದ್ದ ನಾಯಿಯಿಂದಲೇ ಮರಿ ತೆಗೆದ್ರು. ಮುಂದಿನ ಸಲ ಅದಕ್ಕಿಂತ ಚಪ್ಪಟೆಯದ್ದು ಗೆದ್ದಿತು.

ತೊಂದರೆ ಏನಂದ್ರೆ, ಕುಗ್ಗಿದ್ದು ಮೂಳೆ. ಒಳಗಿನ ಮಾಂಸ ಅದೇ ಅಳತೆಯಲ್ಲಿ ಕುಗ್ಗಲಿಲ್ಲ. ಅಂಗುಳಿನ ಹಿಂಭಾಗ ಗಂಟಲಿಗೆ ಅಡ್ಡ ಬರುತ್ತೆ, ಮೂಗಿನ ಹೊಳ್ಳೆಗಳು ಸೀಳಿನಷ್ಟೇ ಉಳಿದಿವೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋಕಾಗಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಗಾಳಿದಾರಿಯೇ ಕಟ್ಟಿದ್ರೆ ಏಪ್ರಿಲ್ ಬಿಸಿಲಲ್ಲಿ ಅದೇನು ಮಾಡಬೇಕು? ಆ ಹುಡುಗನ ಹಿಂದೆ ಊರೆಲ್ಲ ಸುತ್ತೋದು ದೂರದ ಮಾತು.

ನಾವು ಮಾತ್ರ ಅದರ ಗೊರಕೆಯನ್ನ ರೀಲ್ ಮಾಡಿ ಹಾಕ್ತೀವಿ. ಕೆಳಗೆ 'ಸೋ ಕ್ಯೂಟ್'. ಉಸಿರಿಗೆ ಒದ್ದಾಡೋ ಸದ್ದನ್ನ ಸ್ವಭಾವ ಅಂದುಕೊಳ್ಳೋದು ನನಗಂತೂ ಕೆಟ್ಟ ಅಭಿರುಚಿ ಅನ್ನಿಸುತ್ತೆ.

ಹಾಗಂತ ತಳಿ ಆಯ್ಕೆಯೇ ಪಾಪ ಅಂತಲ್ಲ. ನಮ್ಮ ಮುಧೋಳ ನಾಯಿಯೂ ಮನುಷ್ಯ ಆರಿಸಿ ಆರಿಸಿ ಮಾಡಿದ್ದೇ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇದಿದ ಹೊಟ್ಟೆ. ಅಲ್ಲಿ ತೀರ್ಪು ಕೊಡ್ತಿದ್ದದ್ದು ಮೊಲ. ಹಿಡಿಯೋಕಾಗದ ನಾಯಿಗೆ ಯಾರೂ ಬಹುಮಾನ ಕೊಡಲಿಲ್ಲ, ಓಡೋಕೆ ಉಸಿರು ಬೇಕೇ ಬೇಕಿತ್ತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆ ತರಬೇತಿಗೆ ಮೀರತ್‌ಗೆ ಕರೆದೊಯ್ತು. ಈಗ ಅದಕ್ಕೂ ಫ್ಯಾಷನ್ ಬಂದಿದೆ, ಟೂ ಬಿಎಚ್‌ಕೆಯಲ್ಲಿ ಕಟ್ಟಿಹಾಕೋರೂ ಇದ್ದಾರೆ. ಫೋಟೋ ನೋಡಿ ಆರಿಸೋದು ಶುರುವಾದ್ರೆ ಅದರ ಗತಿಯೂ ಕೆಡೋದು ನಿಧಾನವಾಗಲ್ಲ.

ನೆದರ್ಲೆಂಡ್ಸ್‌ನಲ್ಲಿ 2019ರಿಂದ ಒಂದು ಅಳತೆಗೋಲಿದೆ: ಮೂತಿ ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗವಾದ್ರೂ ಇಲ್ಲದಿದ್ದರೆ ಆ ನಾಯಿಯಿಂದ ಮರಿ ತೆಗೆಯುವಂತಿಲ್ಲ. ಹೋಗಾರ್ತನ ಪಗ್‌ನ ಕಡೆಗೆ ವಾಪಸ್ ಹೋಗೋ ದಾರಿ ಅದು.

ನಮ್ಮಲ್ಲಿ ಸದ್ಯಕ್ಕೆ ಅಳೆಯಬೇಕಾದೋರು ಕೊಳ್ಳೋರೇ. ಮಾರೋರು ಮರಿಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಮರಿ ಆಮೇಲೆ ನೋಡ್ತೀವಿ, ಮೊದಲು ಅದರ ತಾಯಿ ಬೆಳಗಿನ ತಂಪಲ್ಲಿ ಹತ್ತು ನಿಮಿಷ ನಡೆಯೋ ವಿಡಿಯೋ ಕಳಿಸಿ ಅನ್ನಿ. ಸೌಂಡ್ ಆನ್ ಮಾಡಿ ನೋಡಿ.