ದೈತ್ಯ ದಂಶಕದ ಹಲ್ಲಿನ ಸೊಬಗು

ತಲೆಬುರುಡೆಯೊಂದೇ 53 ಸೆಂಟಿಮೀಟರ್ ಉದ್ದ. ಪ್ರಾಣಿ ಮಾತ್ರ ಇಲಿ, ಅಳಿಲುಗಳ ಬಳಗದ್ದು! ಉರುಗ್ವೆಯಲ್ಲಿ ರಿಯೊ ಡಿ ಲಾ ಪ್ಲಾಟಾ ದಡದ ಬಂಡೆಗಳಲ್ಲಿ ಸಿಕ್ಕ ಈ ಬುರುಡೆಯನ್ನು 2008ರಲ್ಲಿ ರಿಂಡರ್‌ಕ್ನೆಖ್ಟ್ ಮತ್ತು ಬ್ಲಾಂಕೊ ಎಂಬ ವಿಜ್ಞಾನಿಗಳು ಜೋಸೆಫೋಆರ್ಟಿಗಾಸಿಯಾ ಮೊನೆಸಿ ಎಂಬ ಹೊಸ ಪ್ರಭೇದವೆಂದು ಸಾರಿದರು. ಒಂದು ಟನ್ ತೂಗುತ್ತಿತ್ತು ಎಂದು ಮೊದಲ ಅಂದಾಜು. ಆಮೇಲಿನ ಲೆಕ್ಕಗಳು ಅದನ್ನು ಅರ್ಧಕ್ಕೂ ಇಳಿಸಿವೆ. ಇಳಿಸಿದರೂ ಒಂದು ಎಮ್ಮೆಯ ತೂಕ ಉಳಿಯುತ್ತದೆ.

ಮುಂದಿನ ಬಾಚಿಹಲ್ಲುಗಳು ಮೊದಲು ಕಣ್ಣಿಗೆ ಬೀಳುತ್ತವೆ. ಬಿಲ್ಲಿನ ಹಾಗೆ ಬಾಗಿದ ಆ ಹಲ್ಲಿನ ಬಹುಪಾಲು ಮೂಳೆಯೊಳಗೇ ಹುದುಗಿದೆ. ಆದರೆ ನಿಜವಾದ ಕುಸುರಿ ಇರುವುದು ಒಳಗಿನ ದವಡೆಹಲ್ಲಿನಲ್ಲಿ. ಅದರ ಅಗಿಯುವ ಮೈಯನ್ನು ನೋಡಬೇಕು: ತೆಳ್ಳನೆಯ ಎನಾಮಲ್ ಪದರಗಳು ಓರೆಯಾಗಿ, ಸಾಲಾಗಿ ನಿಂತಿವೆ, ನಡುನಡುವೆ ಮೆತ್ತನೆಯ ದಂತದ್ರವ್ಯ. ಮೆತ್ತನೆಯದು ಬೇಗ ಸವೆಯುತ್ತದೆ, ಗಟ್ಟಿಯದು ಏಣಿನಂತೆ ಎದ್ದು ನಿಲ್ಲುತ್ತದೆ. ಸವೆದಷ್ಟೂ ಹರಿತವಾಗುವ ಹಲ್ಲು!

ದಕ್ಷಿಣ ಅಮೆರಿಕದ ದಂಶಕಗಳ ವಂಶಾವಳಿಯನ್ನು ವಿಜ್ಞಾನಿಗಳು ಬಹುಮಟ್ಟಿಗೆ ಈ ಎನಾಮಲ್ ಗೆರೆಗಳಿಂದಲೇ ಓದಿದ್ದಾರೆ. ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ 19ನೇ ಶತಮಾನದ ಕೊನೆಯಲ್ಲಿ ಬಿಡಿ ಹಲ್ಲು, ಮುರಿದ ದವಡೆಗಳನ್ನೇ ನೋಡಿ ಹತ್ತಾರು ಹೆಸರು ಕೊಟ್ಟ. ಆದರೆ ಪ್ರಾಯ ಏರಿ ಹಲ್ಲು ಸವೆದಂತೆ ಗೆರೆಗಳ ವಿನ್ಯಾಸವೂ ಬದಲಾಗುತ್ತದೆ. ಮರಿ ಒಂದು ಪ್ರಭೇದ, ತಾಯಿ ಇನ್ನೊಂದು ಎಂದಾದ ಗೊಂದಲಗಳನ್ನು ನಂತರದವರು ತಾಳ್ಮೆಯಿಂದ ಬಿಡಿಸುತ್ತ ಬಂದಿದ್ದಾರೆ. ಅವರ ಕಣ್ಣಿನ ಸೂಕ್ಷ್ಮಕ್ಕೆ ಕೈಮುಗಿಯಬೇಕು.

ದಕ್ಷಿಣ ಅಮೆರಿಕದ ಈ ದಂಶಕಗಳ ಅತಿ ಹಳೆಯ ಪಳೆಯುಳಿಕೆಗಳು ಪೆರುವಿನ ಕೊಂಟಮಾನದಲ್ಲಿ ಸಿಕ್ಕಿವೆ. ವಯಸ್ಸು ಸುಮಾರು 4.1 ಕೋಟಿ ವರ್ಷ. ಪುಟ್ಟ ದೇಹ, ಗಿಡ್ಡ ಹಲ್ಲು. ಹತ್ತಿರದ ನೆಂಟರು ಆಫ್ರಿಕದಲ್ಲಿದ್ದಾರೆ. ಹಾಗಾಗಿ ತೇಲುವ ಮರಗಿಡಗಳ ಮೇಲೆ ಅಟ್ಲಾಂಟಿಕ್ ದಾಟಿ ಬಂದಿರಬೇಕೆಂಬುದು ವಿಜ್ಞಾನಿಗಳ ಊಹೆ. ಬಂದವರ ಸಂತತಿ ನಾಲ್ಕು ದೊಡ್ಡ ಕವಲಾಯಿತು. ಗಿನಿಪಿಗ್, ಕ್ಯಾಪಿಬಾರಾ ಒಂದರಲ್ಲಿ. ಮರವೇರುವ ಮುಳ್ಳುಹಂದಿಗಳು, ಡೇಗು ಬೇರೆ ಎರಡರಲ್ಲಿ. ನಮ್ಮ ದೈತ್ಯ ಸೇರಿರುವುದು ಮೃದು ತುಪ್ಪಳದ ಪುಟ್ಟ ಚಿಂಚಿಲ್ಲಾದ ಕವಲಿಗೆ! ಕಣ್ಣಿನ ಮುಂದಿನ ದೊಡ್ಡ ರಂಧ್ರದೊಳಗೆ ಅಗಿಯುವ ಸ್ನಾಯು ಹಾದುಹೋಗುವ ರಚನೆ ಇವೆಲ್ಲಕ್ಕೂ ಸಾಮಾನ್ಯ. ನಮ್ಮ ಕಾಡಿನ ಮುಳ್ಳುಹಂದಿಯಲ್ಲೂ ಅದೇ ರಚನೆಯಿದೆ. ಅದು ಇವುಗಳ ದೂರದ ದಾಯಾದಿ.

ಗಾತ್ರಕ್ಕೆ ಬೆರಗಾಗುವುದು ಸುಲಭ, ಆ ಬೆರಗು ಬೇಗ ತಣಿಯುತ್ತದೆ. ಹಲ್ಲಿನ ಗೆರೆಗಳ ಸೊಗಸು ನೋಡಿದಷ್ಟೂ ಹೆಚ್ಚುತ್ತದೆ. ಈ ದೈತ್ಯರ ಕುಟುಂಬದಲ್ಲಿ ಇಂದು ಉಳಿದಿರುವುದು ಪಕರಾನಾ ಒಂದೇ, ಆಂಡಿಸ್ ತಪ್ಪಲಿನ ಕಾಡುಗಳಲ್ಲಿ. ಅದನ್ನು ಕಳೆದುಕೊಂಡರೆ ಈ ಹಲ್ಲುಗಳನ್ನು ಹೋಲಿಸಿ ನೋಡಲು ಅದೇ ಕುಟುಂಬದ ಒಂದು ಜೀವವೂ ಇರುವುದಿಲ್ಲ. ಅದು ಉಳಿಯಲೇಬೇಕು.