ಚುಟುಕ ಹೇಳದೆ ಬಿಟ್ಟ ಕಾರಣಗಳು

ಜಾನ್ ಫೆಲ್ ಎಂಬ ಹೆಸರು ನನಗೆ ಮೊದಲು ಸಿಕ್ಕಿದ್ದು ಒಂದು ಚುಟುಕದಲ್ಲಿ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಮುಖ್ಯಸ್ಥನಾಗಿದ್ದ ಈ ಪಾದ್ರಿ, ಟಾಮ್ ಬ್ರೌನ್ ಎಂಬ ವಿದ್ಯಾರ್ಥಿಯನ್ನು ಹೊರಹಾಕಲು ಹೊರಟಿದ್ದನಂತೆ. ರೋಮನ್ ಕವಿ ಮಾರ್ಷಲ್‌ನ ಪದ್ಯವೊಂದನ್ನು ನಿಂತಲ್ಲೇ ಅನುವಾದಿಸಿದರೆ ಕ್ಷಮಿಸುವೆ ಎಂದನಂತೆ. ಹುಡುಗ ಪದ್ಯದೊಳಗಿದ್ದ ಹೆಸರನ್ನು ಕಿತ್ತು ಫೆಲ್‌ನನ್ನೇ ಅಲ್ಲಿ ಕೂರಿಸಿದ. ಕಾರಣ ಹೇಳಲಾಗದ ಅಸಹನೆಯೇ ಆ ಪದ್ಯದ ತಿರುಳು. ಅದರ ಶಕ್ತಿಯೂ ಅದೇ.

ಕಥೆ ಎಷ್ಟು ನಿಜವೋ, ಚುಟುಕವಂತೂ ಉಳಿಯಿತು. ಆದರೆ ಫೆಲ್‌ನ ಬದುಕನ್ನು ಓದಿದರೆ ಕಾರಣಗಳು ಸಿಗುತ್ತವೆ.

1648ರಲ್ಲಿ ರಾಜನ ಪಕ್ಷದವನೆಂದು ಸಂಸತ್ತಿನವರು ಅವನನ್ನೇ ಕಾಲೇಜಿನಿಂದ ಹೊರಹಾಕಿದ್ದರು. ನಿಷೇಧವಾಗಿದ್ದ ಆರಾಧನೆಯನ್ನು ಅವನು ಗೆಳೆಯರೊಂದಿಗೆ ಊರಿನ ಮನೆಯೊಂದರಲ್ಲಿ ಗುಟ್ಟಾಗಿ ನಡೆಸಿದ. ರಾಜಪ್ರಭುತ್ವ ಮರಳಿದ 1660ರಲ್ಲೇ ಕಾಲೇಜಿನ ಮುಖ್ಯಸ್ಥನಾದ. ವಿಶ್ವವಿದ್ಯಾಲಯದ ಮುದ್ರಣಾಲಯವನ್ನು ಕಟ್ಟಿ ಬೆಳೆಸಿದ; ಅವನು ಹಾಲೆಂಡಿನಿಂದ ತರಿಸಿದ ಅಕ್ಷರವಿನ್ಯಾಸಗಳಿಗೆ ಇಂದಿಗೂ ಅವನದೇ ಹೆಸರು.

ಅದೇ ಮುದ್ರಣಾಲಯದಿಂದ 1674ರಲ್ಲಿ ಆಂಟನಿ ವುಡ್ ಬರೆದ ಆಕ್ಸ್‌ಫರ್ಡಿನ ಚರಿತ್ರೆ ಹೊರಬಂತು. ಅದರಲ್ಲಿ ಹಾಬ್ಸ್‌ನ ಬಗೆಗಿದ್ದ ಮೆಚ್ಚುಗೆಯನ್ನು ಫೆಲ್ ನಿಂದೆಯಾಗಿ ತಿದ್ದಿಸಿದ್ದ. 1684ರಲ್ಲಿ ದೊರೆಯ ಅಪ್ಪಣೆ ಬಂದಾಗ, ಹಾಲೆಂಡಿನಲ್ಲಿದ್ದ ಜಾನ್ ಲಾಕ್‌ನನ್ನು ವಿಚಾರಣೆಯಿಲ್ಲದೆ ಕಾಲೇಜಿನಿಂದ ತೆಗೆದುಹಾಕಿದ.

ನನ್ನನ್ನು ಕಾಡುವುದು ಇದೇ. ಹೊರದಬ್ಬಿಸಿಕೊಂಡ ನೋವನ್ನು ಉಂಡವನೇ ಇನ್ನೊಬ್ಬನನ್ನು ಹೊರದಬ್ಬಿದ. ಚುಟುಕ ಫೆಲ್‌ಗೆ ಅನ್ಯಾಯ ಮಾಡಿತೆಂದು ಬಹುಕಾಲ ನಂಬಿದ್ದೆ. ಈಗ ಅನಿಸುತ್ತದೆ, ಕಾರಣ ಹೇಳದೆ ಬಿಟ್ಟು ಅದು ಅವನಿಗೆ ರಿಯಾಯಿತಿಯನ್ನೇ ತೋರಿಸಿದೆ.