ಮಂಡಲದ ಮೊಹರು

ನಮ್ಮ ಮನೆಯ ಟ್ರಂಕಿನಲ್ಲಿ 1988ರ ಮನೆಕರದ ರಸೀದಿಯೊಂದಿದೆ. ನೇರಳೆ ಶಾಯಿಯ ಮೊಹರಿನಲ್ಲಿ ಊರಿನ ಹೆಸರು ಮಾಸಿಹೋಗಿದೆ, ‘ಮಂಡಲ ಪಂಚಾಯತ’ ಎಂಬುದಷ್ಟೇ ಓದಲು ಬರುತ್ತದೆ. ಉತ್ತರ ಕನ್ನಡದ ಕರಾವಳಿಯ ಅವರ್ಸಾದಲ್ಲಿ ಕೂತು ರಾಮಕೃಷ್ಣ ಹೆಗಡೆಯವರನ್ನು ಅಳೆಯುವಾಗ ನನಗೆ ಅವರ ಭಾಷಣಗಳಿಗಿಂತ ಈ ಚೀಟಿ ಹೆಚ್ಚು ನೆರವಾಗುತ್ತದೆ.

ಹೆಗಡೆ ನಮ್ಮ ಜಿಲ್ಲೆಯವರೇ, ಸಿದ್ದಾಪುರದ ದೊಡ್ಮನೆಯವರು. ಆದರೆ ಕರಾವಳಿಯವರಿಗೆ ಅವರು ಘಟ್ಟದ ಮೇಲಿನವರು. 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದ ಮೇಲೆ ಅವರು ಗೆದ್ದು ಬಂದದ್ದೂ ಕನಕಪುರದಿಂದ, ಆಮೇಲೆ ಬಸವನಗುಡಿಯಿಂದ.

ಅವರ ಹೆಸರಿಗೆ ಅಂಟಿದ್ದು ‘ಮೌಲ್ಯಾಧಾರಿತ ರಾಜಕಾರಣ’. ಅದರ ಸಾಕ್ಷಿಯಾಗಿ ಎಲ್ಲರೂ ರಾಜೀನಾಮೆಗಳನ್ನು ಎಣಿಸುತ್ತಾರೆ. 1984ರ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರಲ್ಲಿ ವಿಧಾನಸಭೆಯ 139 ಸ್ಥಾನ ಗೆದ್ದರು. ಅದು ದಿಟ್ಟತನ, ಜೊತೆಗೆ ಒಳ್ಳೆಯ ಲೆಕ್ಕಾಚಾರ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕುರಿತು ಹೈಕೋರ್ಟು ಟೀಕಿಸಿದಾಗ ಕೊಟ್ಟ ರಾಜೀನಾಮೆ ಕೆಲವೇ ದಿನಗಳಲ್ಲಿ ವಾಪಸಾಯಿತು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಪ್ರಕರಣ ಬಂದಾಗ ಮಾತ್ರ ಹೋದವರು ಹೋದರು. ರಾಜೀನಾಮೆಯೇ ಮೌಲ್ಯವೆಂದು ನಾವೆಲ್ಲ ನಂಬಿದೆವಲ್ಲ, ಆ ತಪ್ಪು ನಮ್ಮದೂ ಹೌದು.

ಅವರ ನಿಜವಾದ ಕೆಲಸ ಮಂಡಲ ಪಂಚಾಯತ, ಜಿಲ್ಲಾ ಪರಿಷತ್ತುಗಳನ್ನು ತಂದ 1983ರ ಪಂಚಾಯತ್ ಕಾಯ್ದೆ. ಅದನ್ನು ಕಟ್ಟಿ ನಿಲ್ಲಿಸಿದವರು ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್ ಸಾಬರು. ಹೆಗಡೆಯವರ ಪಾಲು ಬೇರೆ: ತಮ್ಮದೇ ಶಾಸಕರು ಗೊಣಗುತ್ತಿದ್ದರೂ ಮಂತ್ರಿಯ ಕೈ ಕಟ್ಟಲಿಲ್ಲ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಬಂದರು. ಬ್ರಿಟಿಷರ ಕಾಲದಿಂದ ಕಲೆಕ್ಟರ್ ಕಚೇರಿಯ ಮೆಟ್ಟಿಲನ್ನೇ ನೋಡಿಕೊಂಡು ಬಂದ ಕಾರವಾರದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ದೇಶದ ಸಂವಿಧಾನಕ್ಕೆ ಈ ಬುದ್ಧಿ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಕೈಗೆ ಬಂದ ಅಧಿಕಾರವನ್ನು ಹೀಗೆ ಕೆಳಗಿಳಿಸಿದ ಇನ್ನೊಬ್ಬ ಮುಖ್ಯಮಂತ್ರಿಯನ್ನು ನಾನು ಈ ರಾಜ್ಯದಲ್ಲಿ ಕಂಡಿಲ್ಲ.

ಮುಂದೆ ಬಂದ ಸರ್ಕಾರಗಳಿಗೆ ಮಂಡಲಗಳು ಬೇಡವಾದವು. 1993ರ ಕಾಯ್ದೆ ಬಂದು ಹೆಸರೂ ಬದಲಾಯಿತು. ಹೆಗಡೆ ಅಷ್ಟರಲ್ಲಿ ದೆಹಲಿಯ ದಾರಿ ಹಿಡಿದಿದ್ದರು: ಯೋಜನಾ ಆಯೋಗ, ಬಾಗಲಕೋಟೆಯ ಸೋಲು, ಲೋಕಶಕ್ತಿ ಪಕ್ಷ, 1998ರಲ್ಲಿ ವಾಜಪೇಯಿ ಸಂಪುಟದ ವಾಣಿಜ್ಯ ಖಾತೆ. ಆ ಅಧ್ಯಾಯದ ಬಗ್ಗೆ ಹೇಳುವಂಥದ್ದು ಕಡಿಮೆ.

ಹೇಳಬೇಕಾದದ್ದು ಇಲ್ಲೇ, ಪಕ್ಕದ ಹಾರವಾಡದ ಕಡೆಗಿದೆ. ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1986ರ ಅಕ್ಟೋಬರಿನಲ್ಲಿ. ಮಂಡಲಗಳಿಗೆ ಮೊದಲ ಚುನಾವಣೆ ನಡೆದದ್ದು ಅದಾಗಿ ಮೂರೇ ತಿಂಗಳಿಗೆ. ಯೋಜನೆ ಕೇಂದ್ರದ್ದು, ನಿಜ. ಆದರೆ ಅದಕ್ಕಾಗಿ ಈ ಕಡಲಂಚಿನ ನೆಲ ಸ್ವಾಧೀನ ಮಾಡಿಕೊಡಬೇಕಾದದ್ದು ರಾಜ್ಯದ ಕಂದಾಯ ಇಲಾಖೆ, ಅದೇ ಹಳೆಯ ಜಿಲ್ಲಾಧಿಕಾರಿಯ ಕಚೇರಿ. ಹೊಸದಾಗಿ ಆರಿಸಿಬಂದ ಮಂಡಲದ ಸದಸ್ಯರು ಬಾವಿ ಎಲ್ಲಿ ತೋಡಬೇಕು, ದೀಪದ ಕಂಬ ಎಲ್ಲಿ ನೆಡಬೇಕು ಎಂದು ಠರಾವು ಬರೆಯಬಹುದಿತ್ತು. ಪಾತಿದೋಣಿ ಎಳೆದಿಡುವ ಮರಳು ಹೋಗುವುದೋ ಉಳಿಯುವುದೋ ಎಂದು ಅವರನ್ನು ಕೇಳಬೇಕೆನ್ನುವ ಕಲಮು ಯಾವ ಕಾಯ್ದೆಯಲ್ಲೂ ಇರಲಿಲ್ಲ. ಅಂಥದ್ದೊಂದು ಬೇಕೆಂದು ಬೆಂಗಳೂರಿನಲ್ಲಿ ಯಾರಿಗೂ, ಹೆಗಡೆಯವರಿಗೂ, ಹೊಳೆಯಲಿಲ್ಲ.